ಹೊತ್ತ ಹರಕೆ, ಕೊಟ್ಟ ಮಾತು

ಸಂಕಟ ಬಂದಾಗ ದೇವರಿಗೆ ಹರಕೆ ಹೊರುವುದು ಮನುಷ್ಯಸಹಜವಾದುದು. ಮಟಮಾರಿ ಸೀಮೆಯ ನಮ್ಮ ಕುಟುಂಬಗಳೂ ಇದಕ್ಕೆ ಹೊರತಲ್ಲ. ಜಾತ್ರೆಯಲ್ಲಿ ದೀಡ ನಮಸ್ಕಾರ ಹಾಕುವ ನೆರೆಹೊರೆಯವರನ್ನು ಕಂಡು ಬೆಳೆದವರು ನಾವು. ಮಳೆ ಕೈಕೊಟ್ಟಾಗ, ಮಗು ಹಾಸಿಗೆ ಹಿಡಿದಾಗ ನಮ್ಮ ಮನಸ್ಸು ದೋರನಹಳ್ಳಿಯ ಸಂತ ಅಂತೋಣಿಯವರ ಕಡೆಗೋ, ಬೆಂಗಳೂರು ಶಿವಾಜಿನಗರದ ಮಾತೆಯ ಕಡೆಗೋ ತಿರುಗುತ್ತದೆ. ಆದರೆ ಸಂಕಟ ಕಳೆದ ಮೇಲೆ ಕೆಲವರು ಹರಕೆಯನ್ನೇ ಮರೆತುಬಿಡುತ್ತಾರೆ. ಮತ್ತೆ ಕೆಲವರು ಬಡ್ಡಿಗೆ ಸಾಲ ತಂದು ಊರಿಗೆಲ್ಲ ಊಟ ಹಾಕಿಸಿ, ವರುಷಗಟ್ಟಲೆ ಆ ಭಾರದಲ್ಲಿ ಬೇಯುತ್ತಾರೆ. ಈ ಎರಡೂ ದಾರಿಗಳು ಪವಿತ್ರ ಗ್ರಂಥಕ್ಕೆ ಸಮ್ಮತವಲ್ಲ.

ಹರಕೆಯನ್ನು ತೀರಿಸಲು ತಡಮಾಡಬಾರದೆಂದು ಧರ್ಮೋಪದೇಶಕಾಂಡದ 23ನೇ ಅಧ್ಯಾಯ ವಿಧಿಸುತ್ತದೆ. ಹರಕೆಯನ್ನೇ ಹೊರದಿದ್ದರೆ ಅದರಲ್ಲಿ ಪಾಪವಿಲ್ಲವೆಂದೂ ಅಲ್ಲಿಯೇ ಹೇಳಿದೆ. ಹರಕೆಯನ್ನು ದೇವರು ಬಲವಂತದಿಂದ ಕೇಳಿ ಪಡೆಯುವುದಿಲ್ಲ, ಅದನ್ನು ನಾವೇ ಮನಸಾರೆ ಕೊಡುತ್ತೇವೆ ಎಂಬುದು ಇದರಿಂದ ಸ್ಪಷ್ಟ. ಬಂಜೆಯೆಂದು ನೊಂದಿದ್ದ ಹನ್ನಳು ಶಿಲೋವಿನಲ್ಲಿ ಕಣ್ಣೀರಿಟ್ಟು ಹರಕೆ ಹೊತ್ತಳು; ಸಮುವೇಲನು ಮೊಲೆ ಬಿಟ್ಟ ಮೇಲೆ ಅವನನ್ನು ತಾನೇ ಕರೆತಂದು ದೇವರ ಸನ್ನಿಧಿಗೆ ಒಪ್ಪಿಸಿದಳು. ಯೆಫ್ತಾಹನಾದರೋ ಯುದ್ಧದ ಗೆಲುವಿಗಾಗಿ ಮುಂದಾಲೋಚನೆಯಿಲ್ಲದೆ ಮಾತು ಕೊಟ್ಟು, ಒಬ್ಬಳೇ ಮಗಳನ್ನು ಕಳೆದುಕೊಂಡನು. ಸಂತ ಜೆರೋಮರನ್ನು ಅನುಸರಿಸಿ ಸಂತ ಥಾಮಸ್ ಅಕ್ವಿನಾಸರು, ಅಂತಹ ಹರಕೆಯನ್ನು ಹೊತ್ತದ್ದೂ ತಪ್ಪು, ತೀರಿಸಿದ್ದೂ ತಪ್ಪು ಎಂದು ವಿವೇಚಿಸಿದ್ದಾರೆ. ಅವರ ದೃಷ್ಟಿಯಲ್ಲಿ ಹರಕೆಯು ಭಾವಾವೇಶದ ಕೂಗಲ್ಲ, ವಿವೇಕದ ಕಾರ್ಯ. ಕೆಟ್ಟದ್ದನ್ನು ಮಾಡುವೆನೆಂಬ ಮಾತು ಎಂದಿಗೂ ಹರಕೆಯಾಗದು.

ಹಾಗಾದರೆ ಹೊತ್ತ ಹರಕೆ ಶಕ್ತಿಗೆ ಮೀರಿದಾಗ ಗತಿಯೇನು? ಯಾಜಕಕಾಂಡದ 27ನೇ ಅಧ್ಯಾಯವನ್ನು ನಮ್ಮ ಜನರು ಓದುವುದು ಅಪರೂಪ. ಹರಕೆಗೆ ನಿಗದಿಯಾದ ಬೆಲೆಯನ್ನು ತೆರಲಾರದ ಬಡವನು ಯಾಜಕನ ಬಳಿಗೆ ಬರಬೇಕು. ಯಾಜಕನು ಅವನ ಯೋಗ್ಯತೆಗೆ ತಕ್ಕಂತೆ ಬೆಲೆ ಕಟ್ಟಬೇಕು ಎಂದು ಅಲ್ಲಿದೆ. ಇದೇ ಕರುಣೆ ಧರ್ಮಸಭೆಯ 1983ರ ಕಾನೂನು ಸಂಹಿತೆಯಲ್ಲಿಯೂ ಕಾಣುತ್ತದೆ. ಖಾಸಗಿ ಹರಕೆಯನ್ನು ಅದಕ್ಕೆ ಸಮನಾದ ಅಥವಾ ಮೇಲಾದ ಸತ್ಕಾರ್ಯಕ್ಕೆ ಹೊತ್ತವರೇ ಬದಲಿಸಿಕೊಳ್ಳಬಹುದು. ನ್ಯಾಯವಾದ ಕಾರಣವಿದ್ದು, ಇತರರ ಹಕ್ಕಿಗೆ ಧಕ್ಕೆಯಾಗದಿದ್ದರೆ, ಧರ್ಮಕೇಂದ್ರದ ಗುರುಗಳು ಅದರಿಂದ ವಿನಾಯಿತಿ ಕೊಡಬಹುದು. ಹರಕೆಯು ಹೊತ್ತವರನ್ನಷ್ಟೇ ಕಟ್ಟುತ್ತದೆ ಎಂಬುದೂ ಅದರ ನಿಯಮ. ಆದುದರಿಂದ ಮಗಳನ್ನು ಕನ್ಯಾಮಠಕ್ಕೆ ಕೊಡುವೆನೆಂದು ಹೆತ್ತವರು ಹರಕೆ ಹೊತ್ತರೆ ಅದು ಮಗಳನ್ನು ಕಟ್ಟಿಹಾಕದು. ದೈವಕರೆಗೆ ಓಗೊಡಬೇಕಾದವಳು ಅವಳೇ.

ಆದಕಾರಣ ಸಾಲ ಮಾಡಿ ಹರಕೆ ತೀರಿಸಹೊರಟವರು ಮೊದಲು ಗುರುಗಳಲ್ಲಿಗೆ ಬನ್ನಿ. ಮಕ್ಕಳ ಶಾಲೆಯ ಖರ್ಚನ್ನು ಕಿತ್ತು ಔತಣ ಹಾಕಿಸಿದರೆ ದೇವರು ಮೆಚ್ಚುವನೆಂದು ನಾವು ನಂಬುವುದಿಲ್ಲ. ಹಸಿದವರಿಗೆ ಒಂದು ಹೊತ್ತಿನ ಊಟ, ರೋಗಿಯ ಬಳಿ ಒಂದು ರಾತ್ರಿಯ ಆರೈಕೆ, ಇವೂ ಹರಕೆಗೆ ಒಪ್ಪುವ ಕಾಣಿಕೆಗಳೇ. ಮರೆತವರು ಇಂದೇ ನೆನಪಿಸಿಕೊಳ್ಳಲಿ. ದೇವರು ಸಾಲಗಾರನಂತೆ ಬಾಗಿಲು ಬಡಿಯುವುದಿಲ್ಲ ಎಂಬುದು ಕೃತಘ್ನತೆಗೆ ನೆಪವಾಗದಿರಲಿ.

ಕೊನೆಯದಾಗಿ ಒಂದು ಮಾತು. ಜ್ಞಾನಸ್ನಾನದ ಪ್ರತಿಜ್ಞೆ, ವಿವಾಹದ ದಿನ ಬಲಿಪೀಠದ ಮುಂದೆ ಕೈಹಿಡಿದು ಕೊಟ್ಟ ಮಾತು, ಇವು ಎಲ್ಲ ಹರಕೆಗಳಿಗಿಂತ ಹಿರಿದಾದವು. ಮೇಣದಬತ್ತಿಯ ಹರಕೆಗೆ ಹೆದರುವ ನಾವು ಕುಡಿತದಿಂದ ಹೆಂಡತಿಮಕ್ಕಳನ್ನು ಕಣ್ಣೀರಿಡಿಸಿ ಈ ಮಾತನ್ನು ಮುರಿಯಲು ಹೆದರದಿರುವುದು ವಿಪರ್ಯಾಸವಲ್ಲವೇ? ನಮ್ಮ ಹೌದು ಹೌದಾಗಿಯೇ ಇರಬೇಕೆಂದು ಪ್ರಭು ಯೇಸು ಬೆಟ್ಟದ ಮೇಲೆ ಬೋಧಿಸಿದರು. ಮನೆಯೊಳಗೆ ಆಡಿದ ಮಾತಿಗೆ ತಪ್ಪದವನು ದೇವರಿಗೆ ಆಡಿದ ಮಾತಿಗೂ ತಪ್ಪಲಾರನು.