ಮೂರು ಪರದೆ, ಒಂದು ಚೌಕಟ್ಟು: ಮನೆಯ ಕಾಕ್‌ಪಿಟ್ ತೋರುವ ವ್ಯಾಪಾರದ ದಾರಿ

ಬೆಂಗಳೂರಿನ ಎಸ್.ಪಿ. ರಸ್ತೆಯ ಗಣಕಯಂತ್ರ ಮಳಿಗೆಗೆ ಬಂದು ಒಂದೇ ಮಾದರಿಯ ಮೂರು ಮಾನಿಟರುಗಳನ್ನು ಒಟ್ಟಿಗೆ ಕೇಳುವ ಗ್ರಾಹಕನನ್ನು ಷೇರು ವ್ಯವಹಾರದವನೆಂದೋ ಕಟ್ಟಡ ವಿನ್ಯಾಸಕನೆಂದೋ ಮಳಿಗೆಯವರು ಊಹಿಸುವುದು ಸಹಜ. ಅಂಥವರಲ್ಲಿ ಕೆಲವರು ಬೇರೊಂದು ವರ್ಗಕ್ಕೆ ಸೇರಿದವರು. ಮನೆಯ ಕೋಣೆಯೊಂದರಲ್ಲಿ ವಿಮಾನದ ಕಾಕ್‌ಪಿಟ್ ಕಟ್ಟಿಕೊಂಡು, ಗಣಕಯಂತ್ರದ ನೆರವಿನಿಂದ ಹಾರಾಟದ ಅನುಭವ ಪಡೆಯುವ ಹವ್ಯಾಸಿಗಳು ಅವರು. ಮೂರು ಪೆಟ್ಟಿಗೆಗಳನ್ನು ಕೊಟ್ಟು ಬಿಲ್ಲು ಬರೆದೊಡನೆ ವರ್ತಕನ ಕೆಲಸ ಮುಗಿಯುತ್ತದೆ. ಗ್ರಾಹಕನ ತೊಂದರೆ ಅಲ್ಲಿಂದ ಆರಂಭವಾಗುತ್ತದೆ. ಪರದೆಗಳನ್ನು ಯಾವ ಕೋನದಲ್ಲಿ ನಿಲ್ಲಿಸಬೇಕು, ಯಾವುದರ ಮೇಲೆ ನಿಲ್ಲಿಸಬೇಕು, ಯಾವ ಕೇಬಲ್ ಎಳೆಯಬೇಕು ಎಂದು ಹೇಳುವವರು ಅವನಿಗೆ ಸಿಗುವುದಿಲ್ಲ. ಪೆಟ್ಟಿಗೆ ಮಾರುವ ವರ್ತಕನಿಗೂ, ಕಬ್ಬಿಣ ಕತ್ತರಿಸುವ ಸಣ್ಣ ತಯಾರಕನಿಗೂ ಮಧ್ಯೆ ಉಳಿದಿರುವ ಈ ತೆರವು ಇಬ್ಬರ ಗಮನಕ್ಕೂ ಅರ್ಹವಾದುದು.

ಈ ಹವ್ಯಾಸ ಹೊಸದೇನಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯ ಫ್ಲೈಟ್ ಸಿಮ್ಯುಲೇಟರ್ ತಂತ್ರಾಂಶ ಮೊದಲು ಹೊರಬಂದುದು 1982ರಲ್ಲಿ. 2009ರ ಆರಂಭದಲ್ಲಿ ಅದನ್ನು ಸಿದ್ಧಪಡಿಸುತ್ತಿದ್ದ ವಿಭಾಗವನ್ನೇ ಸಂಸ್ಥೆಯು ಮುಚ್ಚಿದಾಗ ಹವ್ಯಾಸವೂ ಮುಗಿಯಿತೆಂದು ಅನೇಕರು ಭಾವಿಸಿದ್ದರು. ಆದರೆ 2020ರ ಆಗಸ್ಟ್‌ನಲ್ಲಿ, ಜನ ಮನೆಯೊಳಗೆ ಉಳಿದಿದ್ದ ಕಾಲದಲ್ಲಿಯೇ, ಅದು ಹೊಸ ರೂಪದಲ್ಲಿ ಮರಳಿತು; 2024ರ ನವೆಂಬರ್‌ನಲ್ಲಿ ಮತ್ತೊಂದು ಆವೃತ್ತಿ ಬಂದಿತು. ಅದರೊಡನೆ ಎಕ್ಸ್-ಪ್ಲೇನ್ ಎಂಬ ತಂತ್ರಾಂಶಕ್ಕೂ ನಿಷ್ಠಾವಂತ ಬಳಕೆದಾರರಿದ್ದಾರೆ. ಹಾರಾಟದ ಹಿಡಿಕೆ, ಕಾಲಿನ ಪೆಡಲು, ಸ್ವಿಚ್ಚುಗಳ ಫಲಕ ಮುಂತಾದವುಗಳನ್ನು ಮಾರುವ ವಿದೇಶಿ ಸಂಸ್ಥೆಗಳು ಹಲವು. ಪರದೆಗಳನ್ನು ಹಿಡಿದು ನಿಲ್ಲಿಸುವ ಸಾಧನ ಮಾತ್ರ ಇಂದಿಗೂ ಪ್ರತಿಯೊಬ್ಬ ಹವ್ಯಾಸಿಯ ಸ್ವಂತ ತಲೆನೋವಾಗಿ ಉಳಿದಿದೆ.

ಅಳತೆಯೇ ಮೂಲ ಬಂಡವಾಳ

ಮೂರು ಪರದೆಗಳು ಬೇಕೇಕೆ ಎಂಬ ಪ್ರಶ್ನೆಗೆ ಉತ್ತರ ಸರಳ. ಸೆಸ್ನಾ 172ರಂತಹ ಸಣ್ಣ ವಿಮಾನವನ್ನು ಇಳಿಸುವ ಮುನ್ನ ಪೈಲಟ್ ರನ್‌ವೇಗೆ ಅಡ್ಡಲಾಗಿ ಸಾಗುತ್ತಾ, ಪಕ್ಕದ ಕಿಟಕಿಯಿಂದ ಅದನ್ನು ನೋಡಿ, ಯಾವಾಗ ತಿರುಗಬೇಕೆಂದು ನಿರ್ಧರಿಸುತ್ತಾನೆ. 27 ಇಂಚಿನ ಮಾನಿಟರಿನ ಅಗಲ ಸುಮಾರು 598 ಮಿಲಿಮೀಟರ್. ಕಣ್ಣಿನಿಂದ 700 ಮಿಲಿಮೀಟರ್ ದೂರದಲ್ಲಿಟ್ಟರೆ ಅದು ಆವರಿಸುವ ಕೋನ ಕೇವಲ 46 ಡಿಗ್ರಿ. ಪಕ್ಕದ ಕಿಟಕಿಯ ನೋಟ ಅದರಲ್ಲಿ ಬರುವುದೇ ಇಲ್ಲ.

ಮೂರು ಮಾನಿಟರುಗಳನ್ನು ಗೋಡೆಯಂತೆ ನೇರ ಸಾಲಿನಲ್ಲಿ ನಿಲ್ಲಿಸಿದರೆ ಒಟ್ಟು ನೋಟ ಸುಮಾರು 104 ಡಿಗ್ರಿ ಆಗುತ್ತದೆ. ಅಂಚುಗಳು ಕಣ್ಣಿನಿಂದ ಒಂದು ಮೀಟರಿಗಿಂತಲೂ ದೂರ ಸರಿಯುತ್ತವೆ. ಅವೇ ಮೂರನ್ನು, ಪಕ್ಕದ ಎರಡನ್ನು 46 ಡಿಗ್ರಿ ಒಳಕ್ಕೆ ತಿರುಗಿಸಿ, ಪ್ರತಿ ಪರದೆಯೂ ಕಣ್ಣಿಗೆ ನೇರವಾಗಿ ಎದುರಾಗುವಂತೆ ನಿಲ್ಲಿಸಿದರೆ ಒಟ್ಟು ನೋಟ 138 ಡಿಗ್ರಿ ತಲುಪುತ್ತದೆ. ಒಂದು ರೂಪಾಯಿಯೂ ಹೆಚ್ಚು ವೆಚ್ಚವಿಲ್ಲದೆ, ಕೇವಲ ಕೋನದಿಂದ 34 ಡಿಗ್ರಿ ಲಾಭ! ಸ್ಥಳದ ದೃಷ್ಟಿಯಿಂದಲೂ ಉಳಿತಾಯವಿದೆ: ನೇರ ಸಾಲಿಗೆ ಸುಮಾರು 1,800 ಮಿಲಿಮೀಟರ್ ಅಗಲ ಬೇಕಾದರೆ, ಬಾಗಿಸಿದ ಜೋಡಣೆಗೆ 1,430 ಸಾಕು.

ಆದರೆ ಈ 46 ಎಲ್ಲರಿಗೂ ಹೊಂದುವ ಸಂಖ್ಯೆಯಲ್ಲ. ಕುರ್ಚಿ 100 ಮಿಲಿಮೀಟರ್ ಹಿಂದೆ ಸರಿದರೆ ಬೇಕಾದ ಕೋನ 41ಕ್ಕೆ ಇಳಿಯುತ್ತದೆ. ಪರದೆಯ ಗಾತ್ರ ಬದಲಾದರೆ ಎಲ್ಲ ಲೆಕ್ಕವೂ ಬದಲಾಗುತ್ತದೆ. ಆದುದರಿಂದ ಗ್ರಾಹಕ ಕುಳಿತ ಜಾಗದಲ್ಲಿ ಅವನ ಕಣ್ಣಿನ ಎತ್ತರವನ್ನೂ ದೂರವನ್ನೂ ಟೇಪು ಹಿಡಿದು ಅಳೆಯದೆ ಮಾಡಿದ ವ್ಯಾಪಾರ ಅರ್ಧ ವ್ಯಾಪಾರವೇ ಸರಿ. ದರ್ಜಿಯು ಅಳತೆ ತೆಗೆದುಕೊಳ್ಳದೆ ಅಂಗಿ ಹೊಲಿಯುವುದುಂಟೆ?

ತಂತ್ರಾಂಶಕ್ಕೂ ಈ ಕೋನವನ್ನು ತಿಳಿಸಬೇಕಾಗುತ್ತದೆ. ಮೂರು ಪರದೆಗಳನ್ನು ಒಂದೇ ಉದ್ದನೆಯ ಪರದೆಯೆಂದು ಗಣಕಯಂತ್ರಕ್ಕೆ ನಂಬಿಸಿದರೆ ಪಕ್ಕದ ಚಿತ್ರ ರಬ್ಬರಿನಂತೆ ಹಿಗ್ಗುತ್ತದೆ. ಪ್ರತಿ ಪರದೆಗೂ ಪ್ರತ್ಯೇಕ ನೋಟ ಕೊಟ್ಟು ಅದರ ಕೋನವನ್ನು ನಮೂದಿಸಿದಾಗ ಮಾತ್ರ ದಿಗಂತದ ರೇಖೆ ಮೂರರಲ್ಲಿಯೂ ಒಂದೇ ಸಮನಾಗಿ ಸಾಗುತ್ತದೆ. ಎಕ್ಸ್-ಪ್ಲೇನ್‌ನಲ್ಲಿ ಇದಕ್ಕೆ ವ್ಯವಸ್ಥೆಯಿದೆ. ಮೈಕ್ರೋಸಾಫ್ಟ್‌ನ ತಂತ್ರಾಂಶಕ್ಕೆ 2022ರಲ್ಲಿ ಪ್ರಾಯೋಗಿಕವಾಗಿ ಈ ಸೌಲಭ್ಯ ಸೇರಿತು.

ಹಾಸಿಗೆ ಇದ್ದಷ್ಟು ಕಾಲು ಚಾಚು

ವರ್ತಕರು ಗ್ರಾಹಕನಿಗೆ ಪ್ರಾಮಾಣಿಕವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಸಾಮಾನ್ಯ 1920 × 1080 ಪರದೆಯೊಂದರಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿದ್ದರೆ, ಮೂರರಲ್ಲಿ 62 ಲಕ್ಷ. ಅದೇ 4ಕೆ ಎನಿಸುವ ಪರದೆಯೊಂದರಲ್ಲಿಯೇ 83 ಲಕ್ಷ ಚುಕ್ಕೆಗಳಿದ್ದು, ಮೂರು ಸೇರಿದರೆ ಸುಮಾರು ಎರಡೂವರೆ ಕೋಟಿ ಆಗುತ್ತದೆ. ಇಷ್ಟನ್ನೂ ಗ್ರಾಫಿಕ್ಸ್ ಕಾರ್ಡು ಕ್ಷಣಕ್ಕೆ ಹಲವಾರು ಬಾರಿ ಚಿತ್ರಿಸಬೇಕು. ಮೂರು ದುಬಾರಿ ಪರದೆಗಳನ್ನು ಮಾರಿ, ಕಾರ್ಡಿನ ಸಾಮರ್ಥ್ಯದ ಬಗ್ಗೆ ಮೌನವಾಗಿದ್ದರೆ, ಆ ದಿನದ ಮಾರಾಟ ದೊಡ್ಡದಾಗಿ ಕಾಣಬಹುದು. ಚಿತ್ರ ತಡವರಿಸತೊಡಗಿದ ದಿನ ಆ ಗ್ರಾಹಕ ಮಳಿಗೆಯ ಮೆಟ್ಟಿಲು ಮತ್ತೆ ಹತ್ತುವುದಿಲ್ಲ.

ಸಣ್ಣ ಸಂಗತಿಗಳೂ ಲೆಕ್ಕಕ್ಕೆ ಬರುತ್ತವೆ. ಮೂರೂ ಪರದೆಗಳು ಒಂದೇ ಮಾದರಿಯವಾಗಿರಬೇಕು. ಇಲ್ಲವಾದರೆ ಒಂದರ ಆಕಾಶ ನೀಲಿ, ಇನ್ನೊಂದರದು ಬೂದು. ಪಕ್ಕದಿಂದ ನೋಡಿದಾಗ ಬಣ್ಣ ಕೆಡದ ಐಪಿಎಸ್ ಬಗೆಯ ಪರದೆ ಲೇಸು. ಡಿಸ್‌ಪ್ಲೇಪೋರ್ಟ್ ಕೇಬಲು ಮೂರು ಮೀಟರ್ ಮೀರಿದರೆ ಅಗ್ಗದ ಮಾಲು ಕೈಕೊಡುವ ಸಂಭವ ಹೆಚ್ಚು. ಪ್ರಬಲ ಕಾರ್ಡೊಂದೇ 300 ವಾಟ್ ಮೀರುವುದರಿಂದ ಮನೆಗಳಲ್ಲಿರುವ 600 ವಿಎ ಯುಪಿಎಸ್ ಈ ಜೋಡಣೆಯ ಭಾರ ಹೊರಲಾರದು. ಇವೆಲ್ಲವೂ ಬಿಲ್ಲಿಗೆ ಸೇರಬಹುದಾದ ವಸ್ತುಗಳು. ಸಲಹೆಯೊಡನೆ ಕೊಟ್ಟರೆ ಗ್ರಾಹಕನಿಗೂ ಬೇಸರವಿರದು.

ತೆರಿಗೆಯ ವಿಷಯವೂ ಪ್ರಸ್ತುತವೇ. 2019ರ ಜನವರಿಯಿಂದ 32 ಇಂಚಿನವರೆಗಿನ ಮಾನಿಟರುಗಳಿಗೆ ಶೇ. 18ರಷ್ಟೂ, ಅದಕ್ಕಿಂತ ದೊಡ್ಡವುಗಳಿಗೆ ಶೇ. 28ರಷ್ಟೂ ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಪರದೆಗಳೂ ಶೇ. 18ರ ದರಕ್ಕೆ ಇಳಿದಿವೆ. ಹೀಗಾಗಿ ಗಾತ್ರದ ಆಯ್ಕೆಯನ್ನು ತೆರಿಗೆಯ ಬದಲು ಕೋಣೆಯ ಅಳತೆ ನಿರ್ಧರಿಸುವ ಸ್ಥಿತಿ ಬಂದಿದೆ.

ಚೌಕಟ್ಟು ಯಾರ ಕೈಯಲ್ಲಿ?

ಪರದೆ ತಯಾರಿಸುವುದು ಸಣ್ಣ ಉದ್ಯಮದ ಕೈಗೆಟುಕುವ ಮಾತಲ್ಲ. ಅದನ್ನು ಹಿಡಿಯುವ ಚೌಕಟ್ಟು ಮಾತ್ರ ಪೀಣ್ಯದ ಯಾವುದೇ ಶೀಟ್ ಮೆಟಲ್ ಘಟಕದ ದಿನನಿತ್ಯದ ಕೆಲಸವೇ ಆಗಿದೆ. ಬೆನ್ನಿನ ತೂತುಗಳು ಹೆಚ್ಚಿನ ಮಾನಿಟರುಗಳಲ್ಲಿ ವೆಸಾ ಮಾನಕದ ಪ್ರಕಾರ 75 ಅಥವಾ 100 ಮಿಲಿಮೀಟರ್ ಚೌಕದಲ್ಲಿರುತ್ತವೆ. ಬಳಕೆಯಾಗುವ ಸ್ಕ್ರೂ ಎಂ4. ಉಕ್ಕಿನ ಚೌಕ ಪೈಪು ಅಥವಾ 40 ಮಿಲಿಮೀಟರಿನ ಅಲ್ಯೂಮಿನಿಯಂ ಪ್ರೊಫೈಲು, ಲೇಸರ್‌ನಲ್ಲಿ ಕತ್ತರಿಸಿದ ನಾಲ್ಕಾರು ಪಟ್ಟಿಗಳು, ಕೋನ ಗುರುತಿಸಿದ ತಿರುಗಣೆ, ಮೇಲೊಂದು ಪೌಡರ್ ಕೋಟಿಂಗ್: ಬೇಕಾಗುವುದು ಇಷ್ಟೇ.

ಎಚ್ಚರಿಕೆ ಬೇಕಾದುದು ವಿವರಗಳಲ್ಲಿ. ಇಡೀ ಚೌಕಟ್ಟನ್ನು ವೆಲ್ಡ್ ಮಾಡಿದರೆ ಅದು ಮನೆಯ ಬಾಗಿಲಿನಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಬೋಲ್ಟಿನಿಂದ ಬಿಚ್ಚಿ ಜೋಡಿಸುವಂತಿರಬೇಕು. ಸ್ಕ್ರೂ ಉದ್ದವಾದರೆ ಪರದೆಯ ಒಳಗಿನ ಭಾಗಕ್ಕೆ ಪೆಟ್ಟಾಗುತ್ತದೆ. ಪಕ್ಕದ ಪರದೆಗಳ ತೂಕ ಮುಂದಕ್ಕೆ ಜಗ್ಗುವುದರಿಂದ ಪಾದ ಅಗಲವಾಗಿರಬೇಕು. ಎತ್ತರ ಹಾಗೂ ಓರೆಯನ್ನು ಸ್ವಲ್ಪಸ್ವಲ್ಪವೇ ತಿದ್ದಲು ಅವಕಾಶವಿಲ್ಲದಿದ್ದರೆ ಮೂರು ದಿಗಂತಗಳು ಎಂದಿಗೂ ಒಂದಾಗವು. ಕೆಳಗಿನ ಉಪಕರಣ ಫಲಕಕ್ಕಾಗಿ ಇನ್ನೊಂದು ಪರದೆಯನ್ನು ಅಡ್ಡಲಾಗಿ ಇಟ್ಟು, ಅದರ ಮುಂದೆ ವೃತ್ತಾಕಾರದ ಕಿಂಡಿಗಳಿರುವ ಅಕ್ರಿಲಿಕ್ ಹಲಗೆಯನ್ನು ಜೋಡಿಸುವುದುಂಟು. ಸಣ್ಣ ವಿಮಾನಗಳ ಉಪಕರಣಗಳಿಗೆ ರೂಢಿಯಲ್ಲಿರುವ ಕಿಂಡಿಯ ವ್ಯಾಸ ಮೂರೂ ಎಂಟನೆಯ ಒಂದು ಇಂಚು, ಅಂದರೆ 79.4 ಮಿಲಿಮೀಟರ್. ಫಲಕ ಕತ್ತರಿಸುವ ಘಟಕಕ್ಕೆ ಇದೂ ಒಂದು ಕೆಲಸ.

ಭಾರವಾದ, ಬೆಲೆ ಕಡಿಮೆಯಾದ ಚೌಕಟ್ಟನ್ನು ವಿದೇಶದಿಂದ ತರಿಸಿದರೆ ಸಾಗಣೆ ವೆಚ್ಚವೇ ಹೊರೆಯಾಗುತ್ತದೆ. ಸ್ಥಳೀಯ ತಯಾರಕನಿಗೆ ಇದು ಸಹಜವಾದ ರಕ್ಷಣೆ. ವರ್ಷಗಟ್ಟಲೆ ಇತರರ ನಕ್ಷೆಗೆ ಜಾಬ್ ವರ್ಕ್ ಮಾಡಿ, ಕಿಲೋ ಲೆಕ್ಕದಲ್ಲಿ ಮಜೂರಿ ಪಡೆಯುವ ಘಟಕಕ್ಕೆ ತನ್ನದೇ ಹೆಸರಿನ ಒಂದು ವಸ್ತುವನ್ನು ರೂಪಿಸಲು ಇಷ್ಟು ಕಡಿಮೆ ಬಂಡವಾಳದ ಅವಕಾಶ ಅಪರೂಪ.

ಇತಿಹಾಸವೂ ಇದಕ್ಕೆ ಸಾಕ್ಷಿ. ಹಾರಾಟದ ಅನುಕರಣ ಯಂತ್ರಕ್ಕೆ ವ್ಯಾಪಾರದ ರೂಪ ಕೊಟ್ಟ ಎಡ್ವಿನ್ ಲಿಂಕ್ ದೊಡ್ಡ ವಿಮಾನ ಕಾರ್ಖಾನೆಯ ಒಡೆಯನಲ್ಲ. ಅಮೆರಿಕದ ಬಿಂಗ್‌ಹ್ಯಾಮ್‌ಟನ್ ಪಟ್ಟಣದಲ್ಲಿ ಅವನ ತಂದೆಗೆ ಪಿಯಾನೊ ಮತ್ತು ಆರ್ಗನ್ ವಾದ್ಯಗಳ ಕಾರ್ಖಾನೆಯಿತ್ತು. ವಾದ್ಯಕ್ಕೆ ಗಾಳಿಯೂದುವ ತಿದಿ, ಕವಾಟ, ಪಂಪುಗಳನ್ನೇ ಬಳಸಿ 1929ರಲ್ಲಿ ಅವನು ತನ್ನ ಯಂತ್ರವನ್ನು ರಚಿಸಿದ. ಮೊದಮೊದಲು ಅದನ್ನು ಕೊಂಡವರಲ್ಲಿ ಹೆಚ್ಚಿನವರು ಮನೋರಂಜನಾ ಉದ್ಯಾನಗಳವರು. 1934ರಲ್ಲಿ ಅಂಚೆ ಸಾಗಣೆಯ ಹೊಣೆ ಹೊತ್ತ ಅಮೆರಿಕದ ಸೇನಾ ವಾಯುದಳ ಕೆಟ್ಟ ಹವೆಯಲ್ಲಿ ಹಲವು ಪೈಲಟ್‌ಗಳನ್ನು ಕಳೆದುಕೊಂಡ ಬಳಿಕ ಆರು ಯಂತ್ರಗಳನ್ನು ಖರೀದಿಸಿತು. ಕೈಯಲ್ಲಿದ್ದ ಕಸಬನ್ನೇ ಬೇರೊಂದು ಅಗತ್ಯಕ್ಕೆ ತಿರುಗಿಸಿದ್ದು ಅವನ ಜಾಣ್ಮೆ.

ಆಕ್ಷೇಪಗಳಿಗೆ ಉತ್ತರ

ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಸಾಧನ ಬಂದಿರುವಾಗ ಪರದೆಗಳ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಅದರ ನೋಟ ನಿಜಕ್ಕೂ ಚೆನ್ನು. ಆದರೆ ಅದನ್ನು ತೊಟ್ಟವನಿಗೆ ತಾನೇ ಶ್ರಮಪಟ್ಟು ಕಟ್ಟಿದ ಸ್ವಿಚ್ಚುಗಳು, ಕೈಯಲ್ಲಿರುವ ನಕ್ಷೆ ಕಾಣಿಸವು. ಕಾಕ್‌ಪಿಟ್ ಕಟ್ಟುವವನ ಸಂತೋಷವೇ ಅವುಗಳಲ್ಲಿದೆ. 49 ಇಂಚಿನ ಬಾಗಿದ ಒಂದೇ ಪರದೆ ಸಾಲದೆ ಎಂಬುದು ಇನ್ನೊಂದು ಪ್ರಶ್ನೆ. ಜಾಗ ಕಡಿಮೆಯಿರುವವರಿಗೆ ಅದು ಒಳ್ಳೆಯದೇ. ಮಧ್ಯೆ ಅಂಚುಗಳ ಕಾಟವೂ ಇಲ್ಲ. ಆದರೆ 700 ಮಿಲಿಮೀಟರ್ ದೂರದಿಂದ ಅದರ ನೋಟ 80ರಿಂದ 90 ಡಿಗ್ರಿಯಷ್ಟೇ. ಗ್ರಾಹಕನ ಮುಂದೆ ಎರಡನ್ನೂ ಇಟ್ಟು ಆಯ್ಕೆಯನ್ನು ಅವನಿಗೆ ಬಿಡುವುದು ಸರಿಯಾದ ಮಾರ್ಗ.

ಇದು ದೊಡ್ಡ ಮಾರುಕಟ್ಟೆಯಲ್ಲ ಎಂಬ ಆಕ್ಷೇಪವನ್ನು ಒಪ್ಪಲೇಬೇಕು. ಇದಕ್ಕಾಗಿ ಸಾಲ ಮಾಡಿ ಹೊಸ ಯಂತ್ರ ತರುವುದು ಅವಿವೇಕ. ಇರುವ ಯಂತ್ರಗಳ ಬಿಡುವಿನ ವೇಳೆಯಲ್ಲಿ ಒಂದು ಮಾದರಿ ತಯಾರಿಸಿ, ಒಬ್ಬ ಗ್ರಾಹಕನ ಮನೆಯಲ್ಲಿ ಜೋಡಿಸಿ, ತಪ್ಪುಗಳನ್ನು ತಿದ್ದಿಕೊಂಡು ಮುಂದುವರಿಯುವುದು ಕ್ಷೇಮ. ಅದೇ ಚೌಕಟ್ಟು ಅಲ್ಪ ಬದಲಾವಣೆಯೊಡನೆ ಕಾರ್ ರೇಸ್ ಆಟದ ಹವ್ಯಾಸಿಗೂ, ಷೇರು ವ್ಯವಹಾರದ ಕಚೇರಿಗೂ, ಸಿಸಿಟಿವಿ ನಿಯಂತ್ರಣ ಕೋಣೆಗೂ ಸಲ್ಲುತ್ತದೆಂಬುದನ್ನು ಮರೆಯಲಾಗದು.

ಜಾಹೀರಾತಿನಲ್ಲಿ ಮಾತ್ರ ಸಂಯಮವಿರಲಿ. ಮನೆಯ ಕಾಕ್‌ಪಿಟ್‌ನಲ್ಲಿ ಕಳೆದ ಗಂಟೆಗಳು ಪೈಲಟ್ ಪರವಾನಗಿಯ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಅನುಮೋದಿಸಿದ ಸಾಧನವೇ ಆಗಬೇಕು. ಪೈಲಟ್ ಆಗುವ ಕನಸಿನ ಮಗನಿಗಾಗಿಯೋ ಮಗಳಿಗಾಗಿಯೋ ತಂದೆ ತಾಯಿ ಉಳಿತಾಯದ ಹಣ ಹಿಡಿದು ಬಂದಾಗ ಈ ಸತ್ಯವನ್ನು ಮೊದಲೇ ತಿಳಿಸುವುದು ವರ್ತಕನ ಧರ್ಮ. ತಪ್ಪುದಾರಿಗೆಳೆಯುವ ಜಾಹೀರಾತು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿಯೂ ತೊಂದರೆ ತರಬಲ್ಲುದು.

ಪೆಟ್ಟಿಗೆಯ ಬೆಲೆಯಲ್ಲಿ ಆನ್‌ಲೈನ್ ಮಾರಾಟದೊಡನೆ ಪೈಪೋಟಿ ನಡೆಸಿ ಬೀದಿಯ ಮಳಿಗೆ ಗೆಲ್ಲುವುದು ಕಷ್ಟ. ಗ್ರಾಹಕನ ಕೋಣೆಗೆ ಹೋಗಿ ಅಳತೆ ತೆಗೆದು, ನೆರೆಯ ಕಾರ್ಖಾನೆಯಿಂದ ಚೌಕಟ್ಟು ಮಾಡಿಸಿ, ಮೂರು ಪರದೆಗಳಲ್ಲಿ ಒಂದೇ ದಿಗಂತ ಮೂಡಿಸಿ ಕೊಡುವ ಕೆಲಸವನ್ನು ದೂರದ ಗೋದಾಮಿನಿಂದ ಯಾರೂ ಕಳುಹಿಸಲಾರರು. ವರ್ತಕರು ಮತ್ತು ತಯಾರಕರು ಜೊತೆಗೂಡಿ ಇಂತಹ ಕೆಲಸವನ್ನು ಕೈಗೆತ್ತಿಕೊಳ್ಳಲು ಇದು ಸಕಾಲ.