ಎದೆಯೊಳಗಿನ ಪಾಠಶಾಲೆ

ಶರೀರವೆಂಬ ಶಬ್ದಕ್ಕೆ ಶೀರ್ಣವಾಗತಕ್ಕದ್ದೆಂದೇ ವ್ಯುತ್ಪತ್ತಿ. ತಲೆ ನರೆಯುವುದು, ಹಲ್ಲು ಉದುರುವುದು ಎಲ್ಲರ ಕಣ್ಣಿಗೂ ಬೀಳತಕ್ಕ ವಿಷಯ. ಆದರೆ ಇವಕ್ಕಿಂತ ಬಹು ಮುಂಚೆಯೇ ಮುಪ್ಪಿನ ದಾರಿ ಹಿಡಿಯುವ ಅಂಗವೊಂದು ನಮ್ಮೊಳಗಿರುವುದು. ಎದೆಯ ನಡುಮೂಳೆಯ ಹಿಂದೆ, ಹೃದಯದ ಮೇಲ್ಭಾಗದಲ್ಲಿರುವ ಈ ಗ್ರಂಥಿಗೆ ಥೈಮಸ್ ಎಂದು ಹೆಸರು. ಇದರ ಪ್ರಯೋಜನವನ್ನು ಜಾಕ್ ಮಿಲ್ಲರ್ ಎಂಬ ವಿದ್ವಾಂಸರು ೧೯೬೧ರಲ್ಲಿ ತೋರಿಸಿಕೊಟ್ಟರು. ಅದುವರೆಗೂ ಇದನ್ನು ನಿರುಪಯುಕ್ತವೆಂದೇ ಬಹುಮಂದಿ ಎಣಿಸಿದ್ದರು.

ಥೈಮಸ್ಸನ್ನು ಒಂದು ಪಾಠಶಾಲೆಯೆಂದು ತಿಳಿಯಬಹುದು. ಮೂಳೆಯ ಮಜ್ಜೆಯಲ್ಲಿ ಹುಟ್ಟಿದ ಬಿಳಿಯ ರಕ್ತಕಣಗಳ ಒಂದು ವರ್ಗವು ಇಲ್ಲಿಗೆ ಬಂದು, ಸ್ವಕೀಯರಾರು ಪರಕೀಯರಾರು ಎಂಬ ವಿವೇಕವನ್ನು ಕಲಿಯುವುದು. ಸ್ವಂತ ದೇಹದ ಮೇಲೆಯೇ ಬೀಳುವ ಕಣಗಳೂ, ಏನನ್ನೂ ಗುರುತಿಸಲಾರದ ಕಣಗಳೂ ಅಲ್ಲಿಯೇ ನಾಶವಾಗುವುವು. ತೇರ್ಗಡೆಯಾಗುವುವು ನೂರಕ್ಕೆ ಸುಮಾರು ಐದರೊಳಗೆ. ಅವೇ ‘ಟಿ’ ಕಣಗಳು. ಪ್ರಾಯ ಬಂದ ಮೇಲೆ ಗ್ರಂಥಿಯು ಕುಗ್ಗುತ್ತ, ಅದರ ಸ್ಥಳವನ್ನು ಕೊಬ್ಬು ಆಕ್ರಮಿಸುವುದು. ಹೊಸ ವಿದ್ಯಾರ್ಥಿಗಳು ವಿರಳವಾಗುವರು.

ಈ ಕ್ಷೀಣತೆಯ ಮರ್ಮವನ್ನು ಹುಡುಕುವವರ ದೃಷ್ಟಿಯು ಈಗ ಮೈಕ್ರೋ ಆರ್‌ಎನ್‌ಎ ಎಂಬ ಸೂಕ್ಷ್ಮ ಪದಾರ್ಥಗಳ ಮೇಲೆ ಬಿದ್ದಿದೆ. ೧೯೯೩ರಲ್ಲಿ ಒಂದು ಸಣ್ಣ ಹುಳುವಿನಲ್ಲಿ ಇವನ್ನು ಕಂಡುಹಿಡಿದ ವಿಕ್ಟರ್ ಆಂಬ್ರೋಸ್, ಗ್ಯಾರಿ ರವ್ಕುನ್ ಎಂಬುವರಿಗೆ ೨೦೨೪ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಸುಮಾರು ೨೨ ಅಕ್ಷರಗಳಷ್ಟೇ ಉದ್ದದ ಈ ತುಣುಕುಗಳು ತಾವಾಗಿ ಏನನ್ನೂ ನಿರ್ಮಿಸವು. ಜೀವಕೋಶದಲ್ಲಿ ಹೊರಡುವ ಆಜ್ಞಾಪತ್ರಗಳಿಗೆ ಅಂಟಿಕೊಂಡು ಅವನ್ನು ತಡೆಯುವುವು. ವ್ಯಾಕರಣದಲ್ಲಿ ಉತ್ಸರ್ಗವನ್ನು ಅಪವಾದವು ತಡೆಯುವ ಕ್ರಮವೇ ಇದು. ‘೨೯ಎ’ ಎಂಬ ತುಣುಕಿಲ್ಲದ ಇಲಿಗಳಲ್ಲಿ ಥೈಮಸ್ಸು ಸೋಂಕಿನ ಸೂಚನೆಗೆ ಅತಿಯಾಗಿ ಬೆದರಿ ಅಕಾಲದಲ್ಲಿ ಬತ್ತುವುದೆಂದು ೨೦೧೨ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಇನ್ನೊಂದು ಶೋಧದಂತೆ, ವೃದ್ಧರ ಟಿ ಕಣಗಳಲ್ಲಿ ‘೧೮೧ಎ’ ಎಂಬುದು ಕಡಮೆಯಾಗಿ, ಅವು ಶತ್ರುವಿನ ಸುಳಿವಿಗೆ ಮಂದವಾಗಿ ಎಚ್ಚರಗೊಳ್ಳುವುವು. ಇಲಿಗಳಲ್ಲಿ ಕಂಡದ್ದನ್ನು ಮನುಷ್ಯರಿಗೆ ಹಾಗೆಯೇ ಹೇಳಲು ಪ್ರಮಾಣ ಇನ್ನೂ ಸಾಲದು.

ಹಾಗೆಂದು ಕುಗ್ಗಿದ ಥೈಮಸ್ಸು ವ್ಯರ್ಥವೆನ್ನಲಾಗದು. ಎದೆಯ ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ತೆಗೆಸಿಕೊಂಡ ವಯಸ್ಕರಲ್ಲಿ ಐದು ವರ್ಷಗಳೊಳಗೆ ಶೇಕಡಾ ೮.೧ ಮಂದಿಯೂ, ಉಳಿಸಿಕೊಂಡವರಲ್ಲಿ ಶೇಕಡಾ ೨.೮ ಮಂದಿಯೂ ತೀರಿಕೊಂಡರೆಂದು ಅಮೆರಿಕದ ೨೦೨೩ರ ವರದಿಯೊಂದು ತಿಳಿಸುವುದು.

ಬೂದಿಕೋಟೆಯ ನಮಗೆ ‘ಬೂದಿ ಮುಚ್ಚಿದ ಕೆಂಡ’ ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಲ್ಯದಲ್ಲಿ ಬಂದುಹೋದ ಸೀತಾಳ ಸಿಡುಬಿನ ವಿಷವು ನರಗಳ ಬುಡದಲ್ಲಿ ಅಡಗಿದ್ದು, ಕಾವಲು ಸಡಿಲಿದಾಗ ಸರ್ಪಸುತ್ತಾಗಿ ಹೊರಬೀಳುವುದು. ಕ್ಷಯದ ರೀತಿಯೂ ಹೀಗೆಯೇ. ಪಕ್ಕದ ಚಿನ್ನದ ಗಣಿಗಳು ೨೦೦೧ರಲ್ಲಿ ಮುಚ್ಚಿದರೂ, ಕಲ್ಲಿನ ಧೂಳು ಕುಡಿದ ಶ್ವಾಸಕೋಶಗಳಿಗೆ ಕ್ಷಯದ ಭಯ ಹೆಚ್ಚು. ಮುಪ್ಪು ಸೇರಿದರೆ ಕೇಳಬೇಕಾದುದೇ ಇಲ್ಲ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟು. ಹಿರಿಯರಿಗೆ ಗುಳ್ಳೆಗಳೆದ್ದರೆ ಸರ್ಪದೋಷವೆಂದು ದಿನ ಕಳೆಯದೆ, ಮೂರು ದಿನಗಳೊಳಗೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಔಷಧವು ಚೆನ್ನಾಗಿ ಫಲಿಸುವುದು ಆಗಲೇ. ಎರಡು ವಾರ ಕೆಮ್ಮು ನಿಲ್ಲದಿದ್ದರೆ ಕಫ ಪರೀಕ್ಷೆ ಮಾಡಿಸಿರಿ. ವೃದ್ಧರ ಮೈ ಸೋಂಕಿನಲ್ಲಿಯೂ ಹೆಚ್ಚು ಕಾಯದಿರಬಹುದು. ಮಂಕು, ಅರುಚಿಗಳನ್ನೇ ಸೂಚನೆಯೆಂದು ಎಣಿಸಿರಿ. ಲಸಿಕೆ ಮಕ್ಕಳಿಗೆ ಮಾತ್ರವಲ್ಲ. ಹಿರಿಯರಿಗೆ ಯಾವುದು ತಕ್ಕದ್ದೆಂದು ವೈದ್ಯರನ್ನು ಕೇಳಿರಿ. ಪಾಠಶಾಲೆಯ ಬಾಗಿಲು ಮುಚ್ಚುತ್ತ ಬಂದಾಗ, ಮನೆಯವರೇ ಕಾವಲು ನಿಲ್ಲತಕ್ಕದ್ದು.