ಜಾಲತಾಣಕ್ಕೊಂದು ಬಾಡಿಗೆ ಮನೆ

ಕಳೆದ ತಿಂಗಳು ಹತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನ ತಂದೆಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದಳು. ಕೈಯಲ್ಲಿ ಒಂದು ನೋಟ್‌ಬುಕ್ಕು. ಹಿತ್ತಲಿನಲ್ಲಿ ಮಳೆಮಾಪಕ ಇಟ್ಟುಕೊಂಡು ಒಂದು ವರ್ಷದಿಂದ ದಿನವೂ ಬೆಳಿಗ್ಗೆ ಎಂಟೂವರೆಗೆ ಅಳತೆ ಬರೆದಿಟ್ಟಿದ್ದಾಳೆ. "ಸಾರ್, ಇದನ್ನ ವೆಬ್‌ಸೈಟ್‌ನಲ್ಲಿ ಹಾಕಬೇಕು. ಯಾವ ಹೋಸ್ಟಿಂಗ್ ತಗೊಳ್ಳಲಿ?" ಎಂದಳು. ತಂದೆ ಫೋನು ತೆಗೆದು ಒಂದು ಜಾಹೀರಾತು ತೋರಿಸಿದರು. "ಮೇಷ್ಟ್ರೇ, ನಾಲ್ಕು ವರ್ಷದ್ದು ಒಟ್ಟಿಗೆ ಕಟ್ಟಿದರೆ ತಿಂಗಳಿಗೆ ಎಂಬತ್ತೊಂಬತ್ತು ರೂಪಾಯಿ ಅಂತೆ. ಎಲ್ಲಾ ಅನ್‌ಲಿಮಿಟೆಡ್. ಇವತ್ತೇ ಕೊನೆ ದಿನ. ಕಟ್ಟಿಬಿಡಲಾ?"

ಬೇಡಿ ಎಂದೆ. ಅಂಥ 'ಇವತ್ತೇ ಕೊನೆ'ಯ ಗಡಿಯಾರ ಎಷ್ಟೋ ಬಾರಿ ನಾಳೆಯೂ ಓಡುತ್ತಿರುತ್ತದೆ.

ಹೋಸ್ಟಿಂಗ್ ಎಂದರೆ ಮತ್ತೇನಲ್ಲ, ಹಗಲೂ ರಾತ್ರಿ ಆರದೆ ನಡೆಯುವ ಒಂದು ಕಂಪ್ಯೂಟರಿನಲ್ಲಿ ನಮ್ಮ ಪುಟಗಳಿಗೆ ಸಿಗುವ ಜಾಗ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಜಗತ್ತಿನ ಮೊದಲ ಜಾಲತಾಣವನ್ನು ತಮ್ಮ ಮೇಜಿನ ಮೇಲಿನ ನೆಕ್ಸ್ಟ್ ಕಂಪ್ಯೂಟರಿನಿಂದಲೇ ನಡೆಸುತ್ತಿದ್ದರು. ಅದನ್ನು ಹೊರಗಿನವರ ಗಮನಕ್ಕೆ ತಂದದ್ದು 1991ರ ಆಗಸ್ಟ್‌ನಲ್ಲಿ. ಆ ಯಂತ್ರದ ಮೇಲೆ, ಇದು ಸರ್ವರ್, ಆರಿಸಬೇಡಿ ಎಂದು ಕೆಂಪು ಶಾಯಿಯಲ್ಲಿ ಬರೆದ ಚೀಟಿ ಅಂಟಿಸಿದ್ದರು. ಕರೆಂಟು ಹೋಗಿ ಬರುವ ನಮ್ಮ ಮನೆಗಳಲ್ಲಿ ಅಂಥ ಚೀಟಿಯಿಂದ ಪ್ರಯೋಜನವಿಲ್ಲ. ಆದ್ದರಿಂದಲೇ ಬಾಡಿಗೆ.

ಅಗ್ಗದ ಬಾಡಿಗೆಯದು 'ಶೇರ್ಡ್ ಹೋಸ್ಟಿಂಗ್'. ಇದನ್ನು ವಠಾರವೆಂದು ತಿಳಿಯಿರಿ. ನೂರಾರು ತಾಣಗಳಿಗೆ ಒಂದೇ ಯಂತ್ರ. ಪಕ್ಕದ ಮನೆಯವರು ನಲ್ಲಿ ಪೂರ್ತಿ ತಿರುಗಿಸಿದರೆ ನಿಮ್ಮ ನೀರು ಸಣ್ಣಗಾಗುತ್ತದೆ. ಹಾಗೆಂದು ಮೊದಲ ತಾಣಕ್ಕೆ ವಠಾರ ಕಡಿಮೆಯೇನೂ ಅಲ್ಲ. 'ವಿಪಿಎಸ್' ಎಂಬ ಪ್ರತ್ಯೇಕ ಮನೆಯಲ್ಲಿ ಬೀಗ, ಬೋಲ್ಟು, ರಿಪೇರಿ ಎಲ್ಲ ನಿಮ್ಮದೇ. ಹತ್ತನೆಯ ತರಗತಿಯವರಿಗೆ ಅದು ಬೇಡ.

ಅನ್‌ಲಿಮಿಟೆಡ್ ಎಂಬ ಮಾತನ್ನು ನಾವು ಲೆಕ್ಕ ಹಾಕಿಯೇ ನೋಡಿದೆವು. ದಿನಕ್ಕೊಂದು ಸಾಲು, ಸಾಲಿಗೆ 60 ಅಕ್ಷರ ಸಂಕೇತ. ಯೂನಿಕೋಡ್‌ನ ರೂಢಿಯ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್. ಅಂದರೆ ಸಾಲಿಗೆ 180, ವರ್ಷಕ್ಕೆ 65,700 ಬೈಟ್. ಸುಮಾರು 66 ಕಿಲೋಬೈಟ್. ಒಂದು ಗಿಗಾಬೈಟ್ ಜಾಗದಲ್ಲಿ ಹದಿನೈದು ಸಾವಿರ ವರ್ಷಗಳ ಮಳೆಯನ್ನು ಬರೆದಿಡಬಹುದು! ಜಾಗ ತಿನ್ನುವುದು ಚಿತ್ರಗಳು. ಫೋನಿನಲ್ಲಿ ತೆಗೆದ 4 ಮೆಗಾಬೈಟಿನ ಒಂದು ಫೋಟೋ ಅವಳ ಅರವತ್ತು ವರ್ಷಗಳ ದಾಖಲೆಗೆ ಸಮ. ಚಿತ್ರವನ್ನು ಕುಗ್ಗಿಸಿ ಹಾಕುವುದನ್ನು ಕಲಿತರೆ ಸಾಕು. ಜೊತೆಗೆ, ಅನ್‌ಲಿಮಿಟೆಡ್ ಎನ್ನುವವರ ಕರಾರನ್ನು ಕೊನೆಯವರೆಗೆ ಓದಿದರೆ ಫೈಲುಗಳ ಸಂಖ್ಯೆಗೊಂದು ಮಿತಿ ಎಲ್ಲೋ ಸಣ್ಣಕ್ಷರದಲ್ಲಿ ಕಂಡುಬರುವುದುಂಟು.

'99.9 ಶೇಕಡಾ ಅಪ್‌ಟೈಮ್' ಎಂಬುದೂ ಹೀಗೆಯೇ. ವರ್ಷಕ್ಕೆ 8,760 ಗಂಟೆ. ಅದರ ಸಾವಿರದಲ್ಲೊಂದು ಭಾಗ ಎಂಟೂಮುಕ್ಕಾಲು ಗಂಟೆ. ಅಷ್ಟು ಹೊತ್ತು ಮುಚ್ಚಿದ್ದರೂ ಅವರು ಮಾತಿಗೆ ತಪ್ಪಿದಂತಲ್ಲ. ಮಳೆಯ ದಾಖಲೆಗೆ ಇದರಿಂದ ನಷ್ಟವೇನೂ ಇಲ್ಲ ಬಿಡಿ.

ಸರ್ವರ್ ಎಲ್ಲಿದೆ ಎಂಬುದನ್ನು ಮಾತ್ರ ಕೇಳಿ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಹದಿನಾಲ್ಕು ಸಾವಿರ ಕಿಲೋಮೀಟರ್ ಆಚೆ, ಅಮೆರಿಕದ ಪಶ್ಚಿಮ ತೀರದಲ್ಲಿ ಸರ್ವರ್ ಇದ್ದರೆ ಹೋಗಿ ಬರಲು ಕನಿಷ್ಠ 0.14 ಸೆಕೆಂಡು. ಮುಂಬಯಿಯಲ್ಲಿದ್ದರೆ ಅದರ ಹತ್ತರಲ್ಲೊಂದು ಪಾಲು. ಒಂದು ಪುಟಕ್ಕೆ ಇಂಥ ಹಲವು ಓಡಾಟ ಬೇಕಾಗುವುದರಿಂದ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಇನ್ನು ನನ್ನ ಪೆಟ್ಟಿನ ಕಥೆ. ಕೆಲವು ವರ್ಷಗಳ ಹಿಂದೆ ನಮ್ಮ ಮಕ್ಕಳು ಊರಿನ ಬಾವಿಗಳ ನೀರಿನ ಮಟ್ಟವನ್ನು ನಾಲ್ಕು ವರ್ಷ ಅಳೆದು ಒಂದು ತಾಣದಲ್ಲಿ ಹಾಕಿದ್ದರು. ತಾಣ ಮಾಡಿಕೊಟ್ಟವರು ಡೊಮೈನ್ ಹೆಸರನ್ನೂ ಹೋಸ್ಟಿಂಗನ್ನೂ ತಮ್ಮ ಹೆಸರಿನಲ್ಲೇ, ತಮ್ಮ ಇಮೇಲಿನಲ್ಲೇ ತೆಗೆದುಕೊಂಡಿದ್ದರು. ನಾನೂ ಕೇಳಲಿಲ್ಲ. ಅವರು ಊರು ಬಿಟ್ಟರು. ನವೀಕರಣದ ನೋಟೀಸುಗಳು ಅವರು ನೋಡದ ಅಂಚೆಪೆಟ್ಟಿಗೆಗೆ ಹೋದವು. ಒಂದು ದಿನ ತಾಣ ತೆರೆದರೆ ಯಾರದೋ ಜಾಹೀರಾತು! ಕಾಗದದ ಮೇಲೆ ಉಳಿದಿದ್ದದ್ದು ಒಂದೂವರೆ ವರ್ಷದ ಅಂಕಿಗಳು ಮಾತ್ರ. ಉಳಿದ ನೋಟ್‌ಬುಕ್ಕುಗಳನ್ನು, 'ಹೇಗೂ ಕಂಪ್ಯೂಟರಿನಲ್ಲಿದೆಯಲ್ಲ' ಎಂದು ರದ್ದಿಗೆ ಹಾಕಿಸಿದವನು ನಾನೇ. ಆ ಮಕ್ಕಳಲ್ಲಿ ಒಬ್ಬ ಈಗಲೂ ಸಿಕ್ಕಾಗ, "ಸಾರ್, ನಮ್ಮ ಬಾವಿ ಲೆಕ್ಕ ಸಿಕ್ತಾ?" ಎನ್ನುತ್ತಾನೆ.

ಆದ್ದರಿಂದ ತಂದೆಗೆ ಹೇಳಿದೆ: ಡೊಮೈನ್ ಎಂದರೆ ವಿಳಾಸ, ಹೋಸ್ಟಿಂಗ್ ಎಂದರೆ ಮನೆ. ಎರಡನ್ನೂ ಒಬ್ಬರಲ್ಲೇ ಕೊಳ್ಳಬೇಕೆಂಬ ನಿಯಮವಿಲ್ಲ. ಮಗಳಿಗೆ ಹದಿನೆಂಟು ತುಂಬಿಲ್ಲ, ವಿಳಾಸ ನಿಮ್ಮ ಹೆಸರಿನಲ್ಲಿ, ನೀವು ದಿನವೂ ನೋಡುವ ಇಮೇಲಿನಲ್ಲಿರಲಿ. ವಿಳಾಸ ನಿಮ್ಮದಾಗಿದ್ದರೆ ಮನೆ ಬದಲಾಯಿಸಿದರೂ ನೆಂಟರು ಹುಡುಕಿಕೊಂಡು ಬರುತ್ತಾರೆ. ಮೊದಲ ವರ್ಷದ ದರವನ್ನಲ್ಲ, ಎರಡನೆಯ ಅವಧಿಯ ನವೀಕರಣ ದರವನ್ನು ನೋಡಿ. ಮೂರು ಪಟ್ಟಾಗುವುದೂ ಉಂಟು.

"ಹಾಗಾದರೆ ಬಿಟ್ಟಿಯದು?" ಎಂದರು ಅವರು. ಬಿಟ್ಟಿ ಮನೆಯ ಚರಿತ್ರೆಯನ್ನೂ ಹೇಳಬೇಕಾಯಿತು. 1994ರಲ್ಲಿ ಶುರುವಾದ ಜಿಯೋಸಿಟೀಸ್ ಲಕ್ಷಾಂತರ ಜನರಿಗೆ ಉಚಿತ ತಾಣ ಕೊಟ್ಟಿತ್ತು. 1999ರಲ್ಲಿ ಯಾಹೂ ಅದನ್ನು ಕೊಂಡಿತು, 2009ರಲ್ಲಿ ಅಮೆರಿಕದ ಸೇವೆಯನ್ನು ಮುಚ್ಚಿತು. ನಕಲು ಇಟ್ಟುಕೊಳ್ಳದವರು ಕೈ ಹಿಸುಕಿಕೊಂಡರು. ಆದರೂ ಕಲಿಯುವುದಕ್ಕೆ ಉಚಿತವೇ ಸರಿ. ಗಿಟ್‌ಹಬ್ ಪೇಜಸ್‌ನಲ್ಲಿ ಸ್ಥಿರ ಪುಟಗಳ ತಾಣಕ್ಕೆ 1 ಗಿಗಾಬೈಟ್‌ವರೆಗೆ ಜಾಗವಿದೆ. ಬೀಗದ ಗುರುತಿನ 'ಎಚ್‌ಟಿಟಿಪಿಎಸ್' ಕೂಡ ಉಚಿತ. (ಬೇರೆ ಕಡೆ ಇದಕ್ಕೆ ಪ್ರತ್ಯೇಕ ಹಣ ಕೇಳಿದರೆ ಕೊಡಬೇಡಿ, ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2015ರಿಂದ ಈ ಪ್ರಮಾಣಪತ್ರವನ್ನು ಪುಕ್ಕಟೆ ಕೊಡುತ್ತಿದೆ.) ಉಚಿತ ಖಾತೆಯಲ್ಲಿ ತಾಣದ ಮೂಲ ಫೈಲುಗಳೂ ಎಲ್ಲರಿಗೂ ಕಾಣುತ್ತವೆ, ಮನೆಯ ವಿಳಾಸ, ಫೋನ್ ಸಂಖ್ಯೆ ಅದರಲ್ಲಿ ಇರಕೂಡದು. ವರ್ಡ್‌ಪ್ರೆಸ್‌ನಂಥ ದತ್ತಾಂಶಕೋಶ ಬೇಡುವ ತಂತ್ರಾಂಶ ಅಲ್ಲಿ ನಡೆಯದು. ಮಳೆಯ ಕೋಷ್ಟಕಕ್ಕೆ ಅದರ ಅಗತ್ಯವೂ ಇಲ್ಲ.

ಅಂದು ಸಂಜೆ ಹುಡುಗಿ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ಪುಟ ಮಾಡಿ ಏರಿಸಿದಳು. ತಂದೆಯ ಫೋನಿನಲ್ಲಿ 'ಜುಲೈ' ಸರಿಯಾಗಿಯೇ ಮೂಡಿತು. ಡಾಟ್ ಇನ್ ಹೆಸರೊಂದನ್ನು ಮಾತ್ರ ಹಣ ಕೊಟ್ಟು ಕೊಂಡರು. ಅದರ ನವೀಕರಣದ ತಾರೀಕನ್ನು ಆ ತಂದೆ ಫೋನಿನಲ್ಲಿ ಬರೆದುಕೊಳ್ಳಲಿಲ್ಲ. ನೋಟ್‌ಬುಕ್ಕಿನ ರಟ್ಟಿನ ಒಳಬದಿಯಲ್ಲಿ ಬರೆದು, ಪುಸ್ತಕವನ್ನು ಮಗಳ ಕೈಗೆ ಕೊಡದೆ ತಾವೇ ಹಿಡಿದುಕೊಂಡು ಹೊರಟರು.